ಗುಲಾಬಿಯ ಕಾಲಿಗೆ ಹಾಸಿದ ಫರಸಿ

ಈ ಸಮಾರಂಭದ ಅಧ್ಯಕ್ಷತೆ ವಹಿಸಿ, ನನ್ನ ಹೆಸರು ಕರೆದ ಕೂಡಲೇ ಗಡಿಯಾರ ನೋಡಿಕೊಂಡ ಶ್ರೀ ಸೂರ್ಯಕಾಂತ ಅವರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಡಾಕ್ಟರ್ ಹಮೀದಾಬೇಗಂ ಅವರೇ, ಬೀದರಿಗೆ ವರ್ಗವಾದ್ದರಿಂದ ಇಂದು ನಾವೆಲ್ಲ ಸೇರಿ ಬೀಳ್ಕೊಡಬೇಕಾದ, ಆದರೆ ಬೀಳ್ಕೊಡಲು ಒಬ್ಬರಿಗೂ ಮನಸ್ಸಿಲ್ಲದ ನಮ್ಮ ಪಶುವೈದ್ಯೆ ಡಾಕ್ಟರ್ ರಾಧಿಕಾ ಅವರೇ, ಕೊಡ್ಲಿಯಿಂದ ಬಂದು ಮುಂದಿನ ಸಾಲಿನಲ್ಲಿ ಕುಳಿತಿರುವ ಅವರ ತಾಯಿ ಲಾಲಮ್ಮನವರೇ, ವೇದಿಕೆಯ ಗಣ್ಯರೇ, ಹಿಂದಿನ ಸಾಲಿನಲ್ಲಿ ಈಗಲೂ ಮಾತು ನಿಲ್ಲಿಸದ ನನ್ನ ಹಳೆಯ ವಿದ್ಯಾರ್ಥಿನಿಯರೇ, ಶಹಾಬಾದದ ಸಮಸ್ತ ಸಭಿಕರೇ,

ಸುಮಿತ್ರಾಬಾಯಿಯವರು ಎರಡು ಮಾತು ಆಡಬೇಕೆಂದು ನಿರೂಪಕರು ಹೇಳಿದರು. ನನ್ನ ಎರಡು ಮಾತು ಎಂದರೆ ಎಷ್ಟು ಎಂಬುದನ್ನು ಈ ಊರಿನ ಕನ್ಯಾ ಶಾಲೆಯಲ್ಲಿ ಓದಿದವರನ್ನು ಕೇಳಿ. ಪ್ರಾರ್ಥನೆಯ ಹೊತ್ತಿನಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಾನು ಎರಡು ಮಾತು ಆಡಲು ನಿಂತರೆ ಮೊದಲನೇ ಪಿರಿಯಡ್ಡು ಕೈಬಿಟ್ಟು ಹೋಗುತ್ತಿತ್ತು. ಆದ್ದರಿಂದ ಎಲ್ಲರೂ ಕುರ್ಚಿಗೆ ಬೆನ್ನು ಕೊಟ್ಟು ಸರಿಯಾಗಿ ಕುಳಿತುಕೊಳ್ಳಿ. ಆದರೂ ಇಂದು ನಾನು ಹೊತ್ತಿಗೆ ಸರಿಯಾಗಿ ಮುಗಿಸುತ್ತೇನೆ. ಅದಕ್ಕೊಂದು ಕಾರಣವಿದೆ, ಕೊನೆಗೆ ಹೇಳುತ್ತೇನೆ.

ನನಗಿಂತ ಮೊದಲು ಮಾತಾಡಿದವರು ಡಾಕ್ಟರ್ ರಾಧಿಕಾ ಅವರ ಸೇವೆಯನ್ನು ಬಾಯಿ ತುಂಬ ಹೊಗಳಿದರು. ಲಸಿಕೆ ಶಿಬಿರದ ಮಾತು ಬಂತು, ಎಮ್ಮೆಗಳ ಮಾತು ಬಂತು, ಕುರಿಗಳ ಮಾತು ಬಂತು. ಎಲ್ಲವೂ ನಿಜ. ಆದರೆ ನಾನು ಒಂದೇ ಒಂದು ಕಾಲಿನ ವಿಷಯ ಮಾತಾಡಲು ಬಂದಿದ್ದೇನೆ. ಅದೂ ಮುಂದಿನ ಎಡಗಾಲು. ಆ ಕಾಲಿನ ಒಡತಿ ಈಗ ಈ ಸಭಾಭವನದ ಹೊರಗೆ ಬೇವಿನ ಮರದ ಕೆಳಗೆ ಹುಲ್ಲು ತಿನ್ನುತ್ತಿದ್ದಾಳೆ. ಅವಳ ಹೆಸರು ಗುಲಾಬಿ. ಅಬ್ದುಲ್ ಕರೀಮ್ ಅವರ ಟಾಂಗಾದ ಕುದುರೆ. ಕುದುರೆಗೆ ‘ಅವಳು’ ಎನ್ನುತ್ತೀರಲ್ಲ ಎಂದು ಯಾರಾದರೂ ವ್ಯಾಕರಣ ತೆಗೆದರೆ, ವ್ಯಾಕರಣ ಕಲಿಸಿದವಳೇ ನಾನು ಎಂದು ನೆನಪಿಸುತ್ತೇನೆ.

ನಾಲವಾರದಿಂದ, ವಾಡಿಯಿಂದ ಪ್ಯಾಸೆಂಜರ್ ಗಾಡಿಯಲ್ಲಿ ಬರುತ್ತಿದ್ದ ಹುಡುಗಿಯರನ್ನು ಸ್ಟೇಷನ್ನಿನಿಂದ ನಮ್ಮ ಶಾಲೆಗೆ ತಂದು ಬಿಡುತ್ತಿದ್ದುದು ಕರೀಮರ ಟಾಂಗಾ. ದಾರಿಯಲ್ಲಿ ನನ್ನ ಮನೆ. ಗುಲಾಬಿ ಬಂದು ಗೇಟಿನ ಮುಂದೆ ನಿಲ್ಲುತ್ತಿದ್ದಳು, ನಾನು ಹತ್ತುತ್ತಿದ್ದೆ. ವರ್ಷಗಟ್ಟಲೆ ಹೀಗೇ ನಡೆಯಿತು. ನಂತರ ನಾನು ನಿವೃತ್ತಳಾದೆ. ಶಾಲೆಯವರು ಹಾರ ಹಾಕಿದರು, ಶಾಲು ಹೊದಿಸಿದರು, ಎಲ್ಲರಿಗೂ ಗೊತ್ತಾಯಿತು. ಗುಲಾಬಿಗೆ ಮಾತ್ರ ಯಾರೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಅವಳು ಯಥಾಪ್ರಕಾರ ಬಂದು ಗೇಟಿನ ಮುಂದೆ ನಿಂತಳು. ಕರೀಮರು ಲಗಾಮು ಎಳೆದರು, ಬಾಯಿಂದ ಚಕ್ ಚಕ್ ಎಂದರು, ಚಾಬೂಕು ಗಾಳಿಯಲ್ಲಿ ಆಡಿಸಿದರು. ಏನು ಮಾಡಿದರೂ ಒಂದು ಹೆಜ್ಜೆ ಮುಂದಿಡಲಿಲ್ಲ. ಹುಡುಗಿಯರೆಲ್ಲ ನಗುತ್ತಿದ್ದರು.

"ಅಕ್ಕೋರೆ, ನಾ ಏನ್ ಮಾಡ್ಲಿರಿ? ನೀವು ರಿಟೈರ್ ಆಗೀರಂತ ಈಕಿಗಿ ಹೆಂಗ್ ತಿಳಿಸ್ಲಿ?" ಎಂದರು ಕರೀಮರು.

ನಾನು ಒಳಗಿನಿಂದ ಒಂದು ತುಂಡು ಬೆಲ್ಲ ತಂದು ಕೊಟ್ಟೆ. ತಿಂದು, ಮೂತಿ ಒರೆಸಿದ ಹಾಗೆ ನನ್ನ ಸೆರಗಿಗೆ ಉಜ್ಜಿ, ಹೊರಟಳು. ಅಂದಿನಿಂದ ಅದೇ ಪದ್ಧತಿಯಾಯಿತು. ಅದೇ ವರ್ಷ ನಮ್ಮ ಮನೆಯವರು, ಸಿಮೆಂಟ್ ಕಾರ್ಖಾನೆಯ ಕಚೇರಿಯಲ್ಲಿದ್ದ ವಿಠ್ಠಲರಾಯರು, ತೀರಿಕೊಂಡರು. ಹದಿಮೂರು ದಿನ ಮನೆ ತುಂಬ ಜನ ಇದ್ದರು, ಆಮೇಲೆ ಅವರವರ ಊರಿಗೆ ಅವರವರು ಹೋದರು. ಅದು ಲೋಕರೂಢಿ, ನಾನು ಯಾರನ್ನೂ ದೂರುತ್ತಿಲ್ಲ. ಗೇಟಿನ ಚಿಲಕ ತೆಗೆಯುವ ಕೆಲಸ ನನಗೆ ದಿನಕ್ಕೊಮ್ಮೆ ಮಾತ್ರ ಬೀಳುತ್ತಿತ್ತು, ಬೆಲ್ಲ ಕೊಡುವುದಕ್ಕೆ. ಇರಲಿ, ಇದು ಇಲ್ಲಿಗೆ ಸಂಬಂಧವಿಲ್ಲದ ಮಾತು.

ಎರಡು ಸಾವಿರದ ಆರನೇ ಇಸವಿಯ ಚಳಿಗಾಲ. ಒಂದು ಬೆಳಿಗ್ಗೆ ಗುಲಾಬಿ ಬರಲಿಲ್ಲ. ಮರುದಿನವೂ ಬರಲಿಲ್ಲ. ವಿಚಾರಿಸಿದರೆ ಹೀಗಾಗಿದೆ. ಮದುವೆಯ ಜನರನ್ನು ರೈಲುಗಾಡಿಗೆ ಮುಟ್ಟಿಸಲು ಕರೀಮರು ಅವಸರದಲ್ಲಿ ಓಡಿಸಿದ್ದಾರೆ. ಕಲ್ಲಿನ ಖಣಿಯ ಪಕ್ಕದ ಇಳಿಜಾರಿನಲ್ಲಿ ಒಡೆದ ಕಲ್ಲಿನ ಚೂರುಗಳ ಮೇಲೆ ಗುಲಾಬಿಯ ಮುಂಗಾಲು ತಿರುಚಿದೆ. ನಾನು ಅವರ ಮನೆಗೆ ಹೋಗಿ ನೋಡಿದೆ. ಮೊಣಕಾಲಿನ ಕೆಳಗೆ, ಹಿಂಬದಿಯಲ್ಲಿ, ಕಾಲು ಬಾಳೆಕಾಯಿಯ ಹಾಗೆ ಬಾಗಿ ಊದಿಕೊಂಡಿತ್ತು. ಆ ಕಾಲಿನ ತುದಿಯನ್ನಷ್ಟೇ ನೆಲಕ್ಕೆ ತಾಗಿಸಿ ನಿಂತಿದ್ದಳು. ನನ್ನ ಕೈಯಲ್ಲಿದ್ದ ಬೆಲ್ಲವನ್ನು ಮೂಸಿ ನೋಡಲಿಲ್ಲ.

ಪುಸ್ತಕದಲ್ಲಿ ಅದಕ್ಕೆ ಸ್ನಾಯುರಜ್ಜು ಎನ್ನುತ್ತಾರೆ. ಮಾಂಸಖಂಡವನ್ನು ಎಲುಬಿಗೆ ಕಟ್ಟುವ ಹಗ್ಗ. ನಮ್ಮ ಜನ ಸುಮ್ಮನೆ ನರ ಎನ್ನುತ್ತಾರೆ. ಕುದುರೆಯ ಭಾರವೆಲ್ಲ ಓಡುವಾಗ ಆ ಹಗ್ಗದ ಮೇಲೆ ಬೀಳುತ್ತದೆ. ಅದು ಹರಿದರೆ ಟಾಂಗಾದ ಕುದುರೆ ಮುಂದೆ ಎಲ್ಲಿಗೆ ಹೋಗುತ್ತದೆ? ಯಾರಿಗೆ ಮಾರುತ್ತಾರೆ? ಕೊಂಡವರು ಏನು ಮಾಡುತ್ತಾರೆ? ಸಭಿಕರೇ, ನೀವೆಲ್ಲ ದೊಡ್ಡವರು, ನಿಮಗೆ ಗೊತ್ತು. ನಾನು ಆ ಮಾತನ್ನು ಈ ಶುಭ ಸಮಾರಂಭದಲ್ಲಿ ಬಿಡಿಸಿ ಹೇಳುವುದಿಲ್ಲ.

ಕರೀಮರಿಗೆ ಗೊತ್ತಿದ್ದ ಚಿಕಿತ್ಸೆ ಒಂದೇ, ಬರೆ. ಕೆಂಪಗೆ ಕಾಸಿದ ಕಬ್ಬಿಣದಿಂದ ಊದಿದ ಕಾಲಿನ ಮೇಲೆ ಗೀರು ಗೀರಾಗಿ ಸುಡುವುದು. ಆ ಹೊತ್ತಿಗೆ ಡಾಕ್ಟರ್ ರಾಧಿಕಾ ನಮ್ಮ ದನದ ದವಾಖಾನೆಗೆ ಬಂದು ಹೆಚ್ಚು ದಿನ ಆಗಿರಲಿಲ್ಲ. ಹೆಣ್ಣುಮಗಳು ಎತ್ತಿಗೆ ಸೂಜಿ ಹಾಕುತ್ತಾಳೆಂದು ಜನ ನೋಡಲು ಹೋಗುತ್ತಿದ್ದ ಕಾಲ. ಕೊಡ್ಲಿಯ ಹೊಲದ ಮನೆಯಲ್ಲಿ ಹುಟ್ಟಿ, ಓದಿ, ಹೈದರಾಬಾದಿನಲ್ಲಿ ರೇಸಿನ ಕುದುರೆಗಳ ಆಸ್ಪತ್ರೆಯಲ್ಲಿ ಕೆಲವು ಕಾಲ ಕೈ ಪಳಗಿಸಿಕೊಂಡು ಬಂದವರು ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ನಾನು ಹೇಳಿ ಕಳಿಸಿದ್ದಕ್ಕೆ ಅವರು ಕರೀಮರ ಮನೆಗೆ ಬಂದು ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಆ ಕಾಲನ್ನು ಬಾಣಂತಿ ಕೂಸಿನ ತಲೆ ಹಿಡಿದ ಹಾಗೆ ಹಿಡಿದು ನೋಡಿದರು. ನಂತರ ನಡೆದ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ.

"ನಮ್ಮಪ್ಪ, ನಮ್ಮಪ್ಪನ ಅಪ್ಪ, ಎಲ್ಲಾರೂ ಬರೀನೇ ಹಾಕಿಸ್ಯಾರ್ರಿ ಡಾಕ್ಟರಮ್ಮಾ. ಬೆಂಕಿ ತಾಗಿದ್ರ ನರ ಗಟ್ಟಿ ಆಗ್ತದ."

"ಕರೀಮಣ್ಣ, ಗಾಯದ ಮ್ಯಾಲ ಇನ್ನೊಂದು ಗಾಯ ಮಾಡಿದ್ರ ಮೊದಲಿಂದು ಮಾಯ್ತದೇನ್ರಿ?"

"ಹಂಗಾದ್ರ ನಿಮ್ಮ ಹಂತ್ಯಾಕ ಏನ್ ಔಷಧ ಅದ ಹೇಳ್ರಿ."

"ನನ್ನ ಹಂತ್ಯಾಕ ಏನೂ ಇಲ್ಲ. ಆಕಿ ಹಂತ್ಯಾಕೇ ಅದ. ಆಕಿ ರಕ್ತದಾಗೇ ಅದ."

"ಗ್ಯಾರಂಟಿ ಕೊಡ್ತೀರೇನ್ರಿ?"

"ಇಲ್ಲ. ಕೊಟ್ರ ಸುಳ್ಳ ಹೇಳಿದಂಗ ಆಗ್ತದ. ನಾ ಪ್ರಯತ್ನ ಮಾಡ್ತೀನಿ, ನೀವು ಸಬೂರಿ ಮಾಡ್ರಿ."

ಸಭಿಕರೇ, ಗ್ಯಾರಂಟಿ ಕೊಡದ ಡಾಕ್ಟರನ್ನು ನಾನು ಜೀವಮಾನದಲ್ಲಿ ಅಂದೇ ಮೊದಲು ನೋಡಿದ್ದು. ವಿಠ್ಠಲರಾಯರಿಗೆ ಗ್ಯಾರಂಟಿ ಕೊಟ್ಟ ಡಾಕ್ಟರುಗಳನ್ನು ನಾನು ಬೇಕಾದಷ್ಟು ನೋಡಿದ್ದೆ. ಈ ಹುಡುಗಿ ಇಲ್ಲ ಎಂದಳು. ನನಗೆ ಅವಳ ಮೇಲೆ ನಂಬಿಕೆ ಬಂದದ್ದು ಆ ‘ಇಲ್ಲ’ ಎಂಬ ಮಾತಿನಿಂದಲೇ. ಕ್ಷಮಿಸಿ, ಡಾಕ್ಟರನ್ನು ಏಕವಚನದಲ್ಲಿ ಕರೆದೆ. ಮೇಷ್ಟ್ರಗಿರಿಯ ಬಾಯಿ.

ಮೊದಲು ಒಳಗೆ ಎಷ್ಟು ಹರಿದಿದೆ ಎಂದು ನೋಡಬೇಕಿತ್ತು. ಅದಕ್ಕೆ ಸ್ಕ್ಯಾನಿಂಗ್ ಮಿಷನ್ ಬೇಕು. ಊರಲ್ಲಿ ಅದು ಇದ್ದದ್ದು ನಮ್ಮ ಮುಖ್ಯ ಅತಿಥಿಗಳಾದ ಹಮೀದಾಬೇಗಂ ಅವರ ಹೆರಿಗೆ ಆಸ್ಪತ್ರೆಯಲ್ಲಿ ಮಾತ್ರ. ರಾಧಿಕಾ ಅವರು ಹೋಗಿ ಮಿಷನ್ನನ್ನು ಒಂದು ತಾಸು ಕರೀಮರ ಮನೆಗೆ ಕೊಡಿರೆಂದು ಕೇಳಿದರು. ಹಮೀದಾಬೇಗಂ ಅವರ ಉತ್ತರ ಊರಿಗೆಲ್ಲ ಬಾಯಿಪಾಠವಾಗಿದೆ.

"ನೋಡು ರಾಧಿಕಾ, ಮಿಷನ್ ಈ ಕಟ್ಟಡ ಬಿಟ್ಟು ಹೊರಗ ಒಯ್ಯಲಿಕ್ಕ ಕಾಯದೆ ಬಿಡಲ್ಲ. ಬೇಕಾದ್ರ ಕುದುರಿನೇ ಒಳಗ ಹೊಡ್ಕೊಂಡು ಬಾ."

ಹೊಡೆದುಕೊಂಡೇ ಬಂದೆವು! ಗೋಡೆಯ ಮೇಲೆ ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡಲಾಗುವುದಿಲ್ಲ’ ಎಂಬ ದೊಡ್ಡ ಬೋರ್ಡು. ಅದರ ಕೆಳಗಿನ ಬೆಂಚಿನ ಮೇಲೆ ದಿನ ತುಂಬಿದ ಹೆಣ್ಣುಮಕ್ಕಳು. ಅವರ ಮಧ್ಯೆ ಕುಂಟುತ್ತ ಗುಲಾಬಿ. ಒಬ್ಬಾಕೆ ಪಾಪ, ನಿಜವಾಗಿಯೇ ಕೇಳಿದಳು, "ಯವ್ವಾ, ಇದಕ್ಕೂ ದಿನ ತುಂಬ್ಯಾವೇನು?" ಎಂದು. ಇನ್ನೊಬ್ಬಾಕೆ ತನ್ನ ಸರದಿ ಬಿಟ್ಟುಕೊಟ್ಟಳು. "ಮದಲ್ ಆಕೀದು ನೋಡ್ರಿ, ಆಕಿಗಿ ಕುಂದ್ರಲಾಕ ಬರಲ್ಲ" ಎಂದಳು. ಮಿಷನ್ನನ್ನು ಪಡಸಾಲೆಯ ಬಾಗಿಲ ತನಕ ತಳ್ಳಿ, ಗಂಟಲ ಗಡ್ಡೆ ನೋಡುವ ಚಪ್ಪಟೆ ಕಡ್ಡಿಯನ್ನು ಗುಲಾಬಿಯ ಕಾಲಿಗಿಟ್ಟರು. ಪರದೆಯ ಮೇಲೆ ಬಿಳಿ ಎಳೆಗಳ ನಡುವೆ ಒಂದು ಕಪ್ಪು ತೂತು ಕಂಡಿತು. ಹಗ್ಗದ ಎಳೆಗಳು ಅಲ್ಲಿ ಹರಿದಿದ್ದವು.

ಆಮೇಲೆ ಅವರು ಮಾಡಿದ್ದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ, ತಪ್ಪಿದ್ದರೆ ಡಾಕ್ಟರು ತಿದ್ದಲಿ. ಗುಲಾಬಿಯ ಕುತ್ತಿಗೆಯಿಂದ ರಕ್ತ ತೆಗೆದರು. ಅದನ್ನು ರಕ್ತ ತಪಾಸಣೆಯ ಅಂಗಡಿಯಲ್ಲಿರುವ ಗರಗರ ತಿರುಗುವ ಯಂತ್ರದಲ್ಲಿಟ್ಟು ತಿರುಗಿಸಿದರು. ಮೊಸರು ಕಡೆದರೆ ಬೆಣ್ಣೆ ಬೇರೆಯಾಗುವ ಹಾಗೆ, ಕೆಂಪು ಕೆಳಗೆ ಕುಳಿತು ಮೇಲೆ ಜೇನಿನ ಬಣ್ಣದ ನೀರು ಬಂತು. ಗಾಯ ಕೂಡಿಸುವ ಕಣಗಳೆಲ್ಲ ಅದರಲ್ಲಿರುತ್ತವಂತೆ. ಕಾಲಿನ ಕೂದಲು ತೆಗೆದು, ತೊಳೆದು, ಮತ್ತೆ ತೊಳೆದು, ಕುದುರೆಗೆ ಮಂಪರು ಬರಿಸಿ, ಪರದೆಯ ಮೇಲೆ ಸೂಜಿಯ ತುದಿ ನೋಡುತ್ತ, ಆ ಕಪ್ಪು ತೂತಿನೊಳಗೇ ಆ ನೀರನ್ನು ಬಿಟ್ಟರು. ರೇಸಿನ ಸಾಹೇಬರ ಕುದುರೆಗಳಿಗೆ ಮಾಡುವ ಚಿಕಿತ್ಸೆ, ಶಹಾಬಾದದ ಟಾಂಗಾದ ಕುದುರೆಗೆ, ಹೆರಿಗೆ ಆಸ್ಪತ್ರೆಯ ಪಡಸಾಲೆಯಲ್ಲಿ! ಬೆಂಚಿನ ಮೇಲಿನ ಹೆಣ್ಣುಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ನಾನೂ ಹಿಡಿದಿದ್ದೆ.

ಸೂಜಿ ಹಾಕುವುದು ಸುಲಭದ ಭಾಗವಂತೆ, ಕಾಯುವುದೇ ಕಷ್ಟದ್ದಂತೆ. ಮೊದಲು ಪೂರ್ಣ ವಿಶ್ರಾಂತಿ. ನಂತರ ಬೆಳಿಗ್ಗೆ ಸಂಜೆ ಮೆತ್ತನೆ ಮಣ್ಣಿನ ದಾರಿಯಲ್ಲಿ ಹಗ್ಗ ಹಿಡಿದು ಮೆಲ್ಲಗೆ ನಡೆಸಬೇಕು. ವಾರದಿಂದ ವಾರಕ್ಕೆ ಸ್ವಲ್ಪ ಹೆಚ್ಚು, ಓಟ ಮಾತ್ರ ಕೂಡದು. ತಿಂಗಳುಗಟ್ಟಲೆ ಇದು. ಕರೀಮರು ಹೊಟ್ಟೆಪಾಡಿಗೆ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಮಿಲ್ಲಿನಲ್ಲಿ ಲಾರಿ ತುಂಬಲು ಹೋಗುತ್ತಿದ್ದರು. ಅವರ ಹೆಂಡತಿ ಮಾಸುಮಬಿಗೆ ಮನೆಗೆಲಸವೇ ಮುಗಿಯುತ್ತಿರಲಿಲ್ಲ. ಮತ್ತೆ ಯಾರು ನಡೆಸಬೇಕು? ನಾನು ನಡೆಸುತ್ತೇನೆ ಎಂದೆ. ಕರೀಮರು ನಕ್ಕರು. ಸಾಲು ತಪ್ಪಿಸದೆ ಇಡೀ ಶಾಲೆಯ ಹುಡುಗಿಯರನ್ನು ಗಣರಾಜ್ಯೋತ್ಸವಕ್ಕೆ ನಡೆಸಿಕೊಂಡು ಹೋದವಳಿಗೆ ಒಂದು ಕುದುರೆ ಯಾವ ಲೆಕ್ಕ?

ಸುದ್ದಿ ಊರು ದಾಟಿ ನಮ್ಮ ಮೈದುನ ಜಯತೀರ್ಥನ ಕಿವಿಗೆ ಬಿತ್ತು. ಕಲಬುರ್ಗಿಯಿಂದ ಫೋನು ಬಂತು.

"ವೈನಿ, ಇದೇನು ಮಾಡ್ಲಿಕತ್ತೀರಿ? ಟಾಂಗಾದ ಕುದುರಿ ಹಿಡಕೊಂಡು ಓಣಿ ಓಣಿ ತಿರುಗ್ಲಿಕತ್ತೀರಂತ!"

"ವಾಕಿಂಗ್ ಮಾಡ್ಲಿಕತ್ತೀನಪ್ಪಾ. ಡಾಕ್ಟರ್ ಹೇಳ್ಯಾರ."

"ಯಾವ ಡಾಕ್ಟರು?"

"ದನದ ಡಾಕ್ಟರು."

ಅವನು ಫೋನು ಇಟ್ಟುಬಿಟ್ಟ. ನಾವಿಬ್ಬರೂ ಕಾಗಿಣಾ ಹೊಳೆಯ ಕಡೆಯ ಮಣ್ಣಿನ ದಾರಿಯಲ್ಲಿ ಹೋಗುತ್ತಿದ್ದೆವು. ದಾರಿಯುದ್ದಕ್ಕೂ ಏನು ಮಾತಾಡುತ್ತಿದ್ದಿರಿ ಎಂದು ಈಗಲೂ ಕೆಲವರು ಕೇಳುತ್ತಾರೆ. ಇಂದು ಏನು ಅಡುಗೆ ಮಾಡಲಿ ಎಂದು ಕೇಳುತ್ತಿದ್ದೆ, ಅಷ್ಟೇ. ವಿಠ್ಠಲರಾಯರನ್ನೂ ದಿನಾ ಅದನ್ನೇ ಕೇಳುತ್ತಿದ್ದೆ. ಇಬ್ಬರೂ ಒಂದು ದಿನವಾದರೂ ಉತ್ತರ ಕೊಟ್ಟವರಲ್ಲ. ಆದರೆ ಕೇಳಲು ಒಬ್ಬರು ಬೇಕಲ್ಲ. ಒಲೆ ಹಚ್ಚಬೇಕೆಂದರೆ ಮೊದಲು ಯಾರನ್ನಾದರೂ ಕೇಳಬೇಕೆನಿಸುತ್ತದೆ. ಇಲ್ಲವಾದರೆ ಮನುಷ್ಯರು ಅವಲಕ್ಕಿಯಲ್ಲೇ ದಿನ ಕಳೆಯುತ್ತಾರೆ, ಅಂಥವರನ್ನು ನಾನು ನೋಡಿದ್ದೇನೆ. ಹೋಗಲಿ, ಮತ್ತೆ ದಾರಿ ಬಿಟ್ಟೆ.

ಎರಡನೆಯ ಸಲ ಸ್ಕ್ಯಾನ್ ಮಾಡಿದಾಗ ಆ ಕಪ್ಪು ತೂತಿನ ಅಂಚಿನಲ್ಲಿ ಬಿಳಿ ಎಳೆಗಳು ಮೂಡಿದ್ದವು. ಹಮೀದಾಬೇಗಂ ಅವರು "ಮುಬಾರಕ್" ಎಂದರು, ಬೆಂಚಿನ ಮೇಲಿದ್ದ ಹೊಸ ಹೆಣ್ಣುಮಕ್ಕಳು ಚಪ್ಪಾಳೆ ತಟ್ಟಿದರು. ಊರಿಗೆಲ್ಲ ಹಿಗ್ಗೋ ಹಿಗ್ಗು. ಇಲ್ಲೇ ನಮ್ಮ ಕಥೆ ಜಾರಿದ್ದು, ಅಕ್ಷರಶಃ ಜಾರಿದ್ದು.

ನಮ್ಮ ಶಹಾಬಾದಿನವರ ಸ್ವಭಾವ ನಿಮಗೆ ಗೊತ್ತು. ಬೇರೆ ಊರಿನವರಿಗೆ ಪ್ರೀತಿ ಉಕ್ಕಿದರೆ ಹೂವು ಕೊಡುತ್ತಾರೆ, ಪೇಢೆ ಹಂಚುತ್ತಾರೆ. ನಮ್ಮವರಿಗೆ ಪ್ರೀತಿ ಉಕ್ಕಿದರೆ ಕಲ್ಲು ಹಾಸುತ್ತಾರೆ. ಗುಡಿಗೆ ಫರಸಿ, ದರ್ಗಾಕ್ಕೆ ಫರಸಿ, ಬುದ್ಧವಿಹಾರಕ್ಕೆ ಫರಸಿ, ಅಳಿಯ ಬಂದರೆ ಬಚ್ಚಲಿಗೆ ಹೊಸ ಫರಸಿ. ಹಾಗಿರುವಾಗ ಗುಲಾಬಿಗೆ ಬಿಡುತ್ತಾರೆಯೇ? ನಮ್ಮ ಇಂದಿನ ಅಧ್ಯಕ್ಷರು ತಮ್ಮ ಪಾಲಿಶ್ ಮಿಲ್ಲಿನ ಒಳ್ಳೊಳ್ಳೆ ಕಲ್ಲು ಆರಿಸಿ, ಮುಖ ಕಾಣುವ ಹಾಗೆ ಪಾಲಿಶ್ ಮಾಡಿಸಿ, ತಮ್ಮ ಮನುಷ್ಯರನ್ನೇ ಕಳಿಸಿ, ಗುಲಾಬಿ ಕಟ್ಟುವ ಕೊಟ್ಟಿಗೆಗೆ ಗೋಡೆಯಿಂದ ಗೋಡೆಗೆ ಹಾಸಿಸಿದರು. ಪಾಪದ ಕುದುರೆ ಕೆಸರಲ್ಲಿ ನಿಲ್ಲಬಾರದು ಎಂಬ ಒಳ್ಳೆಯ ಮನಸ್ಸು. ಮಾಸುಮಬಿ ದಿನಾ ನೀರು ಹಾಕಿ ತೊಳೆದಳು. ಓಣಿಯವರೆಲ್ಲ ಬಂದು ಮೆಚ್ಚಿದರು. ನಾನೂ ಮೆಚ್ಚಿದೆ, ನನ್ನ ಅಡುಗೆಮನೆಗಿಂತ ಚೆಂದ ಇತ್ತು. ಗೊರಸಿಗೆ ಕಬ್ಬಿಣದ ನಾಲು ಕಟ್ಟಿದ ಕುದುರೆಗೆ ಒದ್ದೆ ಪಾಲಿಶ್ ಕಲ್ಲು ಎಂದರೇನು ಎಂದು ಇಡೀ ಊರಿನಲ್ಲಿ ಒಬ್ಬರಾದರೂ ಯೋಚಿಸಬೇಡವೇ? ಹುಟ್ಟಿದಂದಿನಿಂದ ಅದೇ ಕಲ್ಲಿನ ಮೇಲೆ ನಡೆದವರು ನಾವು. ಅದು ಜಾರುತ್ತದೆಂಬುದು ನಮಗೆ ಹೊಳೆಯಲೇ ಇಲ್ಲ.

ಒಂದು ದಿನ ನಾನು ಬೆಳಿಗ್ಗೆ ಹೋಗಿ ಗುಲಾಬಿಯನ್ನು ಕರೆದೆ. ನನ್ನ ದನಿ ಕೇಳಿ ಅವಳು ತಟ್ಟನೆ ತಿರುಗಿದಳು. ಆ ಎಡಗಾಲು ಕಲ್ಲಿನ ಮೇಲೆ ಕಿರ್ರ್ ಎಂದು ಜಾರಿ ಹೋಯಿತು. ಆ ಸದ್ದು ಈಗಲೂ ನನಗೆ ಕೇಳುತ್ತದೆ. ಅವಳು ಬೀಳಲಿಲ್ಲ, ಗೋಡೆಗೆ ಆನಿಕೊಂಡು ನಿಂತಳು. ಆದರೆ ಮತ್ತೆ ಆ ಕಾಲನ್ನು ಎತ್ತಿ ಹಿಡಿದಿದ್ದಳು.

ಡಾಕ್ಟರ್ ರಾಧಿಕಾ ಬಂದವರೇ ನೆಲ ನೋಡಿದರು. ಅವರು ಕೂಗಿದ್ದನ್ನು ನಾನು ಅಂದು ಕೇಳಿದೆ, ಮುಂದೆಂದೂ ಕೇಳಿಲ್ಲ. "ಇದ್ಯಾರ್ ಹಾಕ್ಯಾರ್ರಿ ಇಲ್ಲಿ ಕನ್ನಡಿ? ಕುದುರಿ ಕಟ್ಟೋ ಜಾಗನೋ, ಮದಿವಿ ಹಾಲೋ?" ಎಂದರು. ಅಧ್ಯಕ್ಷರು ಆ ಹೊತ್ತಿಗೆ ಅಲ್ಲೇ ಇದ್ದರು, ಆಮೇಲೆ ಎಲ್ಲಿ ಹೋದರೋ ಕಾಣಲಿಲ್ಲ. ನಗಬೇಡಿ. ಮತ್ತೆ ಸ್ಕ್ಯಾನ್ ಮಾಡಿ ನೋಡಿದರೆ, ಕೂಡಿದ್ದ ಎಳೆಗಳಲ್ಲಿ ಕೆಲವು ಮತ್ತೆ ಹರಿದಿದ್ದವು. ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಅಂದು ಸಂಜೆ ಕರೀಮರು ಬರೆ ಹಾಕುವವನನ್ನು ಕರೆಸಿಯೇಬಿಟ್ಟರು. ಅಂಗಳದಲ್ಲಿ ಕೆಂಡ, ಕೆಂಡದಲ್ಲಿ ಕಬ್ಬಿಣ. ನಾನು ಓಡಿ ಹೋಗಿ ಡಾಕ್ಟರಿಗೆ ಹೇಳಿದೆ. ಆ ವಯಸ್ಸಿನಲ್ಲಿ ಓಡಿದೆ, ಸಭಿಕರೇ! ಅವರು ಬಂದರು. ಕರೀಮರು ತಲೆ ಎತ್ತಲಿಲ್ಲ.

"ಸಾಕ್ರಿ ಡಾಕ್ಟರಮ್ಮಾ. ಸೂಜಿನೂ ಆಯ್ತು, ಸಬೂರಿನೂ ಆಯ್ತು. ಇನ್ನ ಬೆಂಕಿನೇ ಖರೆ."

ಬೇರೆ ಯಾರೇ ಆಗಿದ್ದರೂ ಆಗ ಸೂರ್ಯಕಾಂತರನ್ನು ಬೈಯುತ್ತಿದ್ದರು, ಊರನ್ನು ಬೈಯುತ್ತಿದ್ದರು, ನನ್ನ ಕೆಲಸ ನಾನು ಮಾಡಿದ್ದೇನೆ ಎಂದು ಕೈ ತೊಳೆದುಕೊಳ್ಳುತ್ತಿದ್ದರು. ಈ ಹೆಣ್ಣುಮಗಳು ಕೆಂಡದ ಎದುರು ನೆಲದ ಮೇಲೆ ಕುಳಿತರು.

"ತಪ್ಪು ನಂದೂ ಅದ ಕರೀಮಣ್ಣ. ಮೇವು ಹೆಂಗ ಹಾಕ್ಬೇಕು, ಹೆಂಗ ನಡಸ್ಬೇಕು, ಎಲ್ಲಾ ಹೇಳ್ದೆ. ನೆಲ ಹೆಂಗಿರಬೇಕಂತ ಹೇಳಲಿಲ್ಲ. ಹೇಳಬೇಕಾಗಿತ್ತು. ಆದ್ರ ಒಂದ್ ಮಾತು ಕೇಳ್ರಿ. ಈ ಕಾಲು ನಾ ಕೂಡಿಸ್ಲಾಕತ್ತಿಲ್ಲ, ನೀವು ಕೂಡಿಸ್ಲಾಕತ್ತಿಲ್ಲ. ಆಕಿನೇ ಕೂಡಿಸ್ಕೊಳ್ಳಾಕತ್ತಾಳ. ಒಮ್ಮೆ ಕೂಡಿಸ್ಯಾಳ, ನಾವೇ ಕೆಡಿಸೀವಿ. ಇನ್ನೊಮ್ಮೆ ಕೂಡಿಸ್ತಾಳ. ಸುಟ್ರ ಎಲ್ಲಿಂದ ಕೂಡಿಸ್ಬೇಕ್ರಿ ಆಕಿ?"

ಬರೆ ಹಾಕುವವನು ಕಬ್ಬಿಣ ತಿರುಗಿಸಿದ. ಆಗ ಒಳಗಿನಿಂದ ಮಾಸುಮಬಿ ಬಂದಳು. ಕೈಯಲ್ಲಿ ಕೊಡ. ಇಡೀ ಕೊಡದ ನೀರನ್ನು ಕೆಂಡದ ಮೇಲೆ ಸುರಿದಳು. ಅಂಗಳ ತುಂಬ ಬೂದಿ ಎದ್ದಿತು.

"ನೆಲ ನಾನೇ ತೊಳ್ದೀನಿ. ಜಾರಂಗ ನಾನೇ ತೊಳ್ದೀನಿ. ಇನ್ನೊಮ್ಮೆ ಸೂಜಿ ಹಾಕ್ರಿ ಡಾಕ್ಟರಮ್ಮಾ" ಎಂದಳು. ಗಂಡನ ಕಡೆ ತಿರುಗಿ ಕೂಡ ನೋಡಲಿಲ್ಲ.

ಮರುದಿನ ಬೆಳಗಾಗುವಾಗ ಅಧ್ಯಕ್ಷರು ತಮ್ಮ ಮಿಲ್ಲಿನ ಆಳುಗಳೊಂದಿಗೆ ಬಂದಿದ್ದರು. ಯಾರೂ ಕರೆದಿರಲಿಲ್ಲ. ತಾವೇ ಧೋತರ ಮೇಲೆ ಕಟ್ಟಿ, ತಾವೇ ಹಾರೆ ಹಿಡಿದು, ತಾವೇ ಹಾಸಿಸಿದ ಫರಸಿಯನ್ನು ಕಿತ್ತರು. ಕೆಳಗೆ ಮರಳು ಸುರಿಸಿ, ಹುಲ್ಲು ಹರಡಿ, ಬರಿಗಾಲಲ್ಲಿ ನಡೆದು ನೋಡಿದರು. ಸೂರ್ಯಕಾಂತ ಅವರೇ, ನೀವು ಕಲ್ಲು ಹಾಸಿದ್ದನ್ನು ಈ ಊರು ನೂರು ಕಡೆ ನೋಡಿದೆ. ಕಿತ್ತದ್ದನ್ನು ನೋಡಿದ್ದು ಅದೊಂದೇ ಸಲ. ನನಗೆ ನಿಮ್ಮ ಮೇಲೆ ಗೌರವ ಹುಟ್ಟಿದ್ದು ಅಂದೇ.

ಮತ್ತೆ ರಕ್ತ ತೆಗೆದರು, ಮತ್ತೆ ಯಂತ್ರ ತಿರುಗಿತು, ಮತ್ತೆ ಜೇನಿನ ಬಣ್ಣದ ನೀರು. ಮತ್ತೆ ನಾನು, ಮತ್ತೆ ಮಣ್ಣಿನ ದಾರಿ. ಬೇಸಿಗೆ ಹೋಗಿ ಮಳೆ ಬಂತು, ಮಳೆ ಹೋಗಿ ತೊಗರಿ ಹೂ ಬಿಟ್ಟಿತು. ಒಂದು ದಿನ ಕರೀಮರು ಬಂದು, ಇನ್ನು ಮಿಲ್ಲಿನ ಕೆಲಸ ಕಡಿಮೆ ಇದೆ, ನಾನೇ ನಡೆಸುತ್ತೇನೆ, ಅಕ್ಕೋರಿಗೆ ಯಾಕೆ ತ್ರಾಸು ಎಂದರು. ಡಾಕ್ಟರು ಗುಲಾಬಿಯ ಕಾಲು ಮುಟ್ಟಿ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ಅಕ್ಕೋರೇ ನಡಸ್ಲಿ ಕರೀಮಣ್ಣ. ಇನ್ನಾ ಸ್ವಲ್ಪ ದಿನ ಬೇಕು" ಎಂದರು.

ಯಾರಿಗೆ ಬೇಕು ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಆ ಚಿಕಿತ್ಸೆ ಯಾವ ಪುಸ್ತಕದಲ್ಲಿದೆಯೋ ನನಗೆ ತಿಳಿಯದು. ಡಾಕ್ಟರೇ, ನಾನು ಅಂದು ಥ್ಯಾಂಕ್ಸ್ ಎಂದೂ ಹೇಳಲಿಲ್ಲ. ಇಂದು ಮೈಕಿನ ಮುಂದೆ ಹೇಳುತ್ತಿದ್ದೇನೆ.

ಕೊನೆಯ ಸ್ಕ್ಯಾನಿನಲ್ಲಿ ಕಪ್ಪು ತೂತು ಇರಲಿಲ್ಲ. ಮೊದಲಿನಷ್ಟು ಸಪೂರ ಕಾಲು ಅದಲ್ಲ, ಸ್ವಲ್ಪ ದಪ್ಪ ಉಳಿದಿದೆ. ಓಡಿಸುವ ಹಾಗಿಲ್ಲ, ಭಾರ ಹೇರುವ ಹಾಗಿಲ್ಲ. ಅದನ್ನೂ ಡಾಕ್ಟರು ಮೊದಲೇ ಹೇಳಿದ್ದರು. ಗಾಡಿ ತಪ್ಪಿದರೆ ಮುಂದಿನ ಗಾಡಿಗೆ ಹೋಗಿರೆಂದು ಕರೀಮರು ಈಗ ಗಿರಾಕಿಗಳಿಗೇ ಬುದ್ಧಿ ಹೇಳುತ್ತಾ ಮೆಲ್ಲಗೆ ಹೋಗುತ್ತಾರೆ.

ಮತ್ತೆ ಟಾಂಗಾ ಕಟ್ಟಿದ ಮೊದಲ ದಿನ ನಾನು ಗೇಟಿನ ಒಳಗೆ ನಿಂತಿದ್ದೆ. ಇನ್ನು ನನಗೆ ಕೆಲಸವಿಲ್ಲ ಎಂದುಕೊಂಡಿದ್ದೆ. ಖಾಲಿ ಟಾಂಗಾ ಬಂತು. ಗುಲಾಬಿ ನಿಂತಳು. ಬೆಲ್ಲ ಕೊಟ್ಟೆ, ತಿಂದಳು, ಹೊರಡಲಿಲ್ಲ. ಇನ್ನೊಂದು ತುಂಡು ಕೊಟ್ಟೆ, ಮುಖ ತಿರುಗಿಸಿದಳು. ಕರೀಮರು ಎಷ್ಟು ಎಳೆದರೂ ನೆಟ್ಟ ಗೂಟದ ಹಾಗೆ ನಿಂತಳು. ಕೊನೆಗೆ ನಾನು ಚಪ್ಪಲಿ ಮೆಟ್ಟಿ ಹೊರಗೆ ಬಂದು ಹತ್ತಿ ಕುಳಿತೆ. ತಕ್ಷಣ ಹೊರಟಳು.

"ಎಲ್ಲಿಗ್ರೀ ಅಕ್ಕೋರೆ?" ಎಂದು ಕೇಳಿದರು ಕರೀಮರು.

"ಎಲ್ಲಿಗಾದ್ರೂ ನಡೀಪಾ" ಎಂದೆ. ನನ್ನ ಕಣ್ಣಲ್ಲಿ ಫರಸಿಯ ಧೂಳು ಬಿದ್ದಿತ್ತು. ಈ ಊರಲ್ಲಿ ಅದು ಯಾವಾಗಲೂ ಬೀಳುತ್ತದೆ.

ಈಗ ಕಾಣಿಕೆಯ ವಿಷಯ. ಅಲ್ಲಿ ಮೇಜಿನ ಮೇಲೆ ಶಾಲು ಹೊದಿಸಿ ಇಟ್ಟಿದ್ದಾರಲ್ಲ, ಅದು ಕಲ್ಲು. ಮತ್ತೇನಿರುತ್ತದೆ? ನಮ್ಮ ಪ್ರೀತಿ ನಿಮಗೆ ಗೊತ್ತೇ ಇದೆ. ಆದರೆ ಇದು ಅಂಗಡಿಯ ಕಲ್ಲಲ್ಲ. ಗುಲಾಬಿಯ ಕೊಟ್ಟಿಗೆಯಿಂದ ಕಿತ್ತ ಫರಸಿ. ಇದರ ಪಾಲಿಶ್ ಮೈಮೇಲೆ ಅವಳ ನಾಲು ಜಾರಿದ ಗೀರು ಹಾಗೇ ಇದೆ. ಮತ್ತೊಮ್ಮೆ ಪಾಲಿಶ್ ಹಿಡಿದು ಗೀರು ತೆಗೆಸುತ್ತೇನೆಂದರು ಅಧ್ಯಕ್ಷರು. ಬೇಡ ಎಂದೆ. ಚಿನ್ನದ ಅಕ್ಷರದಲ್ಲಿ ಡಾಕ್ಟರ ಹೆಸರು ಕೆತ್ತಿಸೋಣ ಎಂದರು ಸಮಿತಿಯವರು. ಅದೂ ಬೇಡ ಎಂದೆ. ಹೆಸರು ಕೆತ್ತಿದರೆ ಗೋಡೆಗೆ ತೂಗುಹಾಕಬೇಕಾಗುತ್ತದೆ, ಮೇಲೆ ಕಾಲಿಡಲು ಬರುವುದಿಲ್ಲ. ಡಾಕ್ಟರೇ, ಇದನ್ನು ಬೀದರಿನ ನಿಮ್ಮ ಮನೆಯ ಬಾಗಿಲ ಮುಂದೆ ಬೋರಲು ಹಾಕಿರಿ. ನುಣುಪು ಕೆಳಗೆ, ಒರಟು ಮೇಲೆ. ಮಳೆಯಲ್ಲಿ ಯಾರದೋ ಎಮ್ಮೆ ನೋಡಿ ಅವಸರದಲ್ಲಿ ಬರುವಾಗ ನಿಮ್ಮ ಕಾಲು ಜಾರಬಾರದು. ನಿಮ್ಮ ಕಾಲು ನೋಡಲು ಅಲ್ಲಿ ನಾವ್ಯಾರೂ ಇರುವುದಿಲ್ಲ.

ಇನ್ನು ಹೊತ್ತಿಗೆ ಸರಿಯಾಗಿ ಮುಗಿಸುತ್ತೇನೆಂದೆನಲ್ಲ, ಅದರ ಕಾರಣ. ಡಾಕ್ಟರು ಸಂಜೆಯ ಗಾಡಿಗೆ ಹೊರಡುತ್ತಾರೆ. ಸ್ಟೇಷನ್ನಿಗೆ ಜೀಪು ಬರುತ್ತದೆಂದು ಯಾರೋ ಹೇಳಿದರು. ಜೀಪನ್ನು ನಾನು ವಾಪಸು ಕಳಿಸಿದ್ದೇನೆ. ಗುಲಾಬಿಯೇ ಬಿಡುತ್ತಾಳೆ. ಸ್ಟೇಷನ್ನಿನ ದಾರಿಯಲ್ಲಿ ನನ್ನ ಮನೆ ಸಿಗುತ್ತದೆ. ಅಲ್ಲಿ ಅವಳು ನಿಂತೇ ನಿಲ್ಲುತ್ತಾಳೆ. ಡಾಕ್ಟರೇ ಇರಲಿ, ಡೀಸಿ ಸಾಹೇಬರೇ ಇರಲಿ, ಗಾಡಿ ಸೀಟಿ ಊದಲಿ, ನಾನು ಬಂದು ಹತ್ತುವ ತನಕ ಅವಳು ಕದಲುವುದಿಲ್ಲ. ಆದ್ದರಿಂದ ಶಾಲು, ಹಾರ, ಅಧ್ಯಕ್ಷರ ಭಾಷಣ ಎಲ್ಲ ಇಲ್ಲಿ ನಡೆಯುತ್ತಿರಲಿ. ನಾನು ಮುಂಚೆ ಹೋಗಿ ಗೇಟಿನ ಚಿಲಕ ತೆಗೆದು ನಿಂತಿರಬೇಕು.

ಇಷ್ಟು ಹೊತ್ತು ಸಾಲು ತಪ್ಪದೆ ಕುಳಿತು ಕೇಳಿದ ನಿಮಗೆ, ಸರದಿ ಬಿಟ್ಟುಕೊಟ್ಟ ಆ ಬೆಂಚಿನ ತಾಯಂದಿರಿಗೆ, ಕೊಡ ಎತ್ತಿದ ಮಾಸುಮಬಿಗೆ, ಇಂಥ ಮಗಳನ್ನು ಹಡೆದ ಲಾಲಮ್ಮನವರಿಗೆ ನನ್ನ ವಂದನೆಗಳು. ಡಾಕ್ಟರೇ, ಗೇಟಿನಲ್ಲಿ ಸಿಗೋಣ. ಎಲ್ಲರಿಗೂ ನಮಸ್ಕಾರ.